ಗುಂಡಿಗೆ ಇಳಿಬಿಟ್ಟ ಸೀರೆ

ಕೊಳ್ಳೇಗಾಲದ ನಮ್ಮ ನೇಕಾರರ ಬೀದಿಯಲ್ಲಿ ರಾಮಲಿಂಗಯ್ಯನಷ್ಟು ಕಡಿಮೆ ಮಾತಿನವನು ಇನ್ನೊಬ್ಬನಿರಲಿಲ್ಲ. ಗೋಡೆಯ ಮೇಲಿನ ಹಲ್ಲಿಯಾದರೂ ಲೊಚಗುಟ್ಟುತ್ತದೆ, ಇವನ ಬಾಯಿಂದ ಅದೂ ಇಲ್ಲ ಎಂದು ನಾವು ಆಡಿಕೊಳ್ಳುತ್ತಿದ್ದೆವು. ಅಂಥವನು 1958ರಲ್ಲಿ, ಸಾಹುಕಾರರ ತೂಕದ ಗುಮಾಸ್ತ ಪುಟ್ಟಸಿದ್ದಯ್ಯ ಎಲ್ಲರೆದುರು "ರೇಷ್ಮೆ ಕಳ್ಳ" ಎಂದಾಗ, ತಕ್ಕಡಿಯ ಕಬ್ಬಿಣದ ಕಲ್ಲೆತ್ತಿ ಅವನ ತಲೆಗೆ ಹೊಡೆದ. ಪುಟ್ಟಸಿದ್ದಯ್ಯ ಅಲ್ಲೇ ಪ್ರಾಣಬಿಟ್ಟ. ಕೋರ್ಟಿನಲ್ಲಿ ರಾಮಲಿಂಗಯ್ಯ ಹೇಳಿದ್ದು ಒಂದೇ ಮಾತು, "ನಾನು ಕದ್ದಿಲ್ಲ, ಸ್ವಾಮಿ." ಜೀವಾವಧಿ ಶಿಕ್ಷೆಯಾಗಿ ಮೈಸೂರಿನ ಜೈಲು ಸೇರಿದ. ಬೀದಿಯವರು ಅವನ ಪರವಾಗಿಯೇ ಇದ್ದೆವು. ಅವನು ಮಾನವಂತ ಎಂದು ಕೋರ್ಟಿಗೆ ಹೋಗಿ ಸಾಕ್ಷಿಯನ್ನೂ ಹೇಳಿದೆವು.

ಅವನಿಗೆ ಅಕ್ಷರ ಬರುತ್ತಿರಲಿಲ್ಲ. ಜೈಲಿನಲ್ಲಿ ಯಾರೋ ಮೇಷ್ಟ್ರು ಕೈದಿಗಳಿಗೆ ಓದುಬರಹ ಕಲಿಸುತ್ತಿದ್ದರಂತೆ. ಏಳು ವರ್ಷ ಕಳೆದ ಮೇಲೆ ಅವನ ಹೆಂಡತಿ ಸರಸ್ವತಮ್ಮನಿಗೆ ಒಂದು ಕಾಗದ ಬಂತು. ಆಕೆಗೂ ಓದು ಬಾರದು. ನಾಲ್ಕನೇ ಕ್ಲಾಸು ಪಾಸಾದ ತಪ್ಪಿಗೆ ಬೀದಿಯ ಕಾಗದಗಳನ್ನೆಲ್ಲ ಓದುವ ಕೆಲಸ ನನ್ನದು. ಮಧ್ಯಾಹ್ನ ಮಗ್ಗ ನಿಲ್ಲಿಸಿ ಹತ್ತು ಜನ ಜಗಲಿಯ ಮೇಲೆ ಕೂತರು.

"ಸರಸು, ಒಂದು ಕತೆ ಬರೀತಾ ಇದ್ದೀನಿ. ತಿಂಗಳಿಗೆ ಒಂದೇ ಕಾಗದ ಬಿಡ್ತಾರೆ, ಅದಕ್ಕೇ ತುಂಡು ತುಂಡಾಗಿ ಕಳಿಸ್ತೀನಿ. ಚೌಡೇಶನ ಕೈಲಿ ಓದಿಸು. ಬೀದಿಯೋರೆಲ್ಲ ಕೇಳಲಿ." ಚೌಡೇಶ ಎಂದರೆ ನಾನೇ.

ಕತೆಯಲ್ಲಿ ಹೆಸರಿಲ್ಲದ ಒಬ್ಬ ನೇಕಾರ. ಸಾಹುಕಾರರು ರೇಷ್ಮೆಯನ್ನು ತೂಗಿ ಕೊಡುತ್ತಾರೆ, ಸೀರೆಯನ್ನು ತೂಗಿ ತೆಗೆದುಕೊಳ್ಳುತ್ತಾರೆ. ಇವನು ನಡುವೆ ಒಂದಿಷ್ಟು ನೂಲು ಉಳಿಸಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾನೆ. ಆಮೇಲೆ ನೇಯ್ದ ಸೀರೆಯನ್ನು ಮಗ್ಗದ ಗುಂಡಿಯಲ್ಲಿ, ಕಾಲು ಇಳಿಬಿಡುವ ಜಾಗದಲ್ಲಿ, ನೆಲದ ತಂಪಿಗೆ ತೂಗುಬಿಡುತ್ತಾನೆ. ರೇಷ್ಮೆ ತೇವ ಕುಡಿದು ತೂಕ ಸರಿಹೋಗುತ್ತದೆ.

ಅಷ್ಟು ಓದಿ ತಲೆಯೆತ್ತಿದೆ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನಮ್ಮ ಬೀದಿಯಲ್ಲಿ ಈ ಕೆಲಸ ಮಾಡದ ಮನೆ ಇತ್ತೋ ಇಲ್ಲವೋ, ಹೇಳಿಕೊಂಡ ಮನೆಯಂತೂ ಇರಲಿಲ್ಲ. ಈ ಉಪಾಯ ನನಗೊಬ್ಬನಿಗೇ ಗೊತ್ತು ಎಂದು ಅಂದಿನವರೆಗೆ ನಾನು ನಂಬಿದ್ದೆ. ನನ್ನ ಗುಂಡಿಯಲ್ಲಿ ಆಗಲೂ ಒಂದು ಸೀರೆ ತೂಗುತ್ತಿತ್ತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರಲ್ಲ, ಬೀದಿಗೆ ಬೀದಿಯೇ ಹಾಗಾಯಿತು. ಎರಡನೆಯ ಕಾಗದದಲ್ಲಿ ಆ ನೇಕಾರನಿಗೆ ಕೆಮ್ಮು ಬಂತು. ಬೀದಿಯ ಯಜಮಾನ ಗುರುಸ್ವಾಮಣ್ಣ ಹೊರಗೆ ಕೂತು ಕೆಮ್ಮುವುದನ್ನೇ ಬಿಟ್ಟರು. ಮೂರನೆಯದರಲ್ಲಿ ಅವನ ಬಾಗಿಲಿಗೊಂದು ನುಗ್ಗೆಮರ ಬಂತು. ನನ್ನ ಬಾಗಿಲಲ್ಲಿ ನುಗ್ಗೆಮರವಿತ್ತು. ಮಾರನೆಯ ದಿನವೇ ಕಡಿದುಹಾಕಿದೆ. ಇದು ಸಾಹುಕಾರರ ಕಿವಿಗೆ ಬಿದ್ದರೆ ಬೀದಿಗೆ ಒಂದೆಳೆ ರೇಷ್ಮೆಯೂ ಬರುವುದಿಲ್ಲ ಎಂಬ ಭಯ ನನ್ನನ್ನು ತಿನ್ನುತ್ತಿತ್ತು.

ಆಗಲೇ ಪೊಲೀಸಿನವರು ಬಂದರು. ರಾಮಲಿಂಗಯ್ಯನ ನಡತೆ ಚೆನ್ನಾಗಿದೆ, ಬೀದಿಯವರ ಅಡ್ಡಿಯಿಲ್ಲದಿದ್ದರೆ ಅವಧಿಗೆ ಮುಂಚೆಯೇ ಬಿಡುಗಡೆಯಾಗಬಹುದು, ನಿಮ್ಮ ಅಭಿಪ್ರಾಯ ಬರೆದುಕೊಡಿ ಎಂದರು. ಸರಸ್ವತಮ್ಮ ಮನೆಮನೆಗೂ ಹೋಗಿ ಕೈಮುಗಿದಳು. "ನಿಮ್ಮೊಂದು ಮಾತ್ಗೆ ಅವ್ರು ಮನೆ ಸೇರ್ತಾರೆ ಕಣಣ್ಣ" ಎಂದಳು. ಆಗಲಮ್ಮ ಎಂದೆವು.

ಆಕೆ ಅತ್ತ ಹೋದದ್ದೇ ಗುರುಸ್ವಾಮಣ್ಣ ನನ್ನನ್ನು ಒಳಗೆ ಕರೆದರು.

"ದೂರ ಕುಂತ್ಕಂಡೇ ಇಷ್ಟು ಬರ್ದವ್ನೆ. ಬಂದ್ರೆ ಬಾಯ್ಬುಟ್ಟು ಯೋಳಾಕಿಲ್ವಾ?"

"ಏನ್ಮಾಡಾದು ಮತ್ತೆ?"

"ಬ್ಯಾಡ ಅಂತ ಬರಿ ಕಣ್ಲಾ."

ಬರೆದೆ. ಅವನು ಬಂದರೆ ಬೀದಿಯ ಶಾಂತಿ ಕೆಡುತ್ತದೆ ಎಂದು ನನ್ನ ಕೈಯಾರೆ ಬರೆದೆ. ಮೊದಲ ಸಹಿಯೂ ನನ್ನದೇ.

ಎಂಟು ದಿನಕ್ಕೆ ಕತೆಯ ಕೊನೆಯ ತುಂಡು ಬಂತು. ಜಗಲಿ ತುಂಬಿತ್ತು. ಓದಿದೆ.

"ಗುಮಾಸ್ತ ಆಡಿದ್ದು ನಿಜ. ಆ ಕಳ್ಳ ನಾನೇ. ನುಗ್ಗೆಮರ ನಮ್ಮದೇ ಸರಸು, ಮದುವೆಯಾದ ವರ್ಷ ನೀನೇ ನೆಟ್ಟಿದ್ದು. ನಿಜ ಹೇಳಿದವನನ್ನ ಕೊಂದೆ, ಕೋರ್ಟಿನಲ್ಲಿ ಸುಳ್ಳಾಡಿದೆ. ಅಷ್ಟು ಒಳ್ಳೇ ಜನರ ಬೀದಿಯಲ್ಲಿ ನಾನೊಬ್ಬ ಕಳ್ಳ. ನನ್ನನ್ನ ಮಾನವಂತ ಅಂತ ಸಾಕ್ಷಿ ಹೇಳಿದ ಅವರ ಮುಂದೆ ಬಾಯಲ್ಲಿ ಹೇಳೋ ಧೈರ್ಯ ಇಲ್ಲ. ಅದಕ್ಕೇ ಕತೆ ಬರೆದೆ."

ಸರಸ್ವತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಆದ್ರೂ ಬರ್ಲಿ ಬುಡಿ. ಪೊಲೀಸ್ನೋರ್ಗೆ ಬರ್ದುಕೊಟ್ರಾ ಅಣ್ಣ?" ಎಂದಳು.

"ಕೊಟ್ಟಾಯ್ತಮ್ಮ" ಎಂದೆ.

ಅಲ್ಲಿಂದ ಸ್ಟೇಷನ್ನಿಗೆ ಓಡಿದೆ. ನಾವು ಬರೆದುಕೊಟ್ಟ ಕಾಗದ ಆಗಲೇ ಮೈಸೂರಿಗೆ ಹೋಗಿಯಾಗಿತ್ತು. ಬಿಡುಗಡೆ ಇಲ್ಲ ಎಂದು ಉತ್ತರ ಬಂದಾಗ ಸರಸ್ವತಮ್ಮ ಸರಕಾರವನ್ನು ಶಪಿಸಿದಳು. ನಾವೂ ಜೊತೆಗೂಡಿ ಶಪಿಸಿದೆವು. ಆ ನಾಚಿಕೆ ನನಗೆ ಇನ್ನೂ ಹೋಗಿಲ್ಲ.

ರಾಮಲಿಂಗಯ್ಯ ಬಂದದ್ದು ಮತ್ತೆ ಐದು ವರ್ಷಕ್ಕೆ, 1971ರಲ್ಲಿ. ತಲೆ ಪೂರ್ತಿ ಬೆಳ್ಳಗಾಗಿತ್ತು. ಮೊದಲ ದಿನವೇ ನನ್ನ ಜಗಲಿಗೆ ಬಂದು ಕೂತ.

"ಕತೆ ಎಲ್ರೂ ಕೇಳುದ್ರಾ ಚೌಡೇಶ?"

"ಎಲ್ರೂ ಕೇಳುದ್ರು. ಒಬ್ರೂ ಎದ್ದೋಗ್ನಿಲ್ಲ."

ಅವನು ನನ್ನ ಕೈ ಹಿಡಿದುಕೊಂಡ. "ಅದ್ನ ಕೇಳ್ದ ಮ್ಯಾಲೂ ನನ್ನಂತ ಕಳ್ಳನ್ನ ಬೀದಿಗೆ ಸೇರಿಸ್ಕಂಡ್ರಲ್ಲ, ನಿಮ್ಮ ಋಣ ತೀರ್ಸಾಕಾಗಲ್ಲ" ಎಂದ.

ನಾನು ಕೈ ಬಿಡಿಸಿಕೊಂಡು, ಕಾಫಿ ತರುತ್ತೇನೆಂದು ಒಳಗೆ ಹೋದೆ.