ಎಮೆಟ್ ಕೋವಿ ಬದಲಿಸಿದ್ದು

ಎಮೆಟ್ ಸ್ಟ್ರ್ಯಾಂಡ್ ಕುದುರೆಗಳಿಗೆ ಲಾಳ ಕಟ್ಟಿಯೇ ಮುದುಕನಾದವನು. ವಯೋಮಿಂಗಿನ ನಮ್ಮ ಬೆಟ್ಟಸೀಮೆಯಲ್ಲಿ ಅವನ ಕೈಗೆ ಕಾಲು ಕೊಡದ ಕುದುರೆ ಇರಲಿಲ್ಲ, ಅವನನ್ನು ಒದೆಯದ ಕುದುರೆಯೂ ಕಡಿಮೆಯೇ. ಅಂಥವನಿಗೆ ಆ ವರ್ಷ ಮೇಲಿನ ಕಣಿವೆಯಲ್ಲಿ ಒಂದು ಗಂಡು ಎಲ್ಕ್ ಹೊಡೆಯುವ ಪರವಾನಗಿ ಚೀಟಿ ಲಾಟರಿಯಲ್ಲಿ ಎದ್ದಿತು. ಕಡವೆಯೂ ಎದುರು ನಿಂತರೆ ಕರುವಿನಂತೆ ಕಾಣಬೇಕು, ಅಂಥ ಮೃಗ ಅದು. ತಲೆ ಕಪ್ಪಗಿದ್ದ ದಿನದಿಂದ ಅವನು ಅರ್ಜಿ ಹಾಕುತ್ತ ಬಂದಿದ್ದ. ಇನ್ನೊಮ್ಮೆ ಚೀಟಿ ಎದ್ದರೂ ಬೆಟ್ಟ ಹತ್ತುವ ನಂಬಿಕೆ ಅವನ ಮೊಣಕಾಲುಗಳಿಗೆ ಇರಲಿಲ್ಲ.

ಆ ಖುಷಿಯಲ್ಲಿ ಪೇಟೆಗೆ ಹೋಗಿ ಭಾರೀ ಮ್ಯಾಗ್ನಮ್ ಕೋವಿಯೊಂದನ್ನು ತಂದ. ಅದರ ತೋಟಾ ಒಂದೊಂದೂ ಅವನ ನಡುಬೆರಳಿಗಿಂತ ಉದ್ದ.

"ಇದೇನು ಕೋವಿನೋ, ರೈಲಿನ ಕಂಬಿನೋ?" ಎಂದ ಹೆಂಡತಿಯ ತಮ್ಮ ಕ್ಲೀಟ್.

"ಕಣಿವೆ ಈ ದಂಡೇಲಿ ಕೂತು ಆ ದಂಡೇಲಿರೋದನ್ನ ಮಲಗಿಸುತ್ತೆ. ಹತ್ತಿರ ಹೋಗೋ ಕೆಲಸಾನೇ ಇಲ್ಲ."

ಎಮೆಟ್‌ನ ಹೆಂಡತಿ ಲೊರೀನ್ ಒಂದು ತೋಟಾ ಎತ್ತಿ ಅಂಗೈಯಲ್ಲಿ ತೂಗಿ ನೋಡಿದಳು. ಮದ್ದು ತೂಗಿ ತೋಟಾ ತುಂಬುವುದು ಆ ಮನೆಯಲ್ಲಿ ಅವಳ ಕೆಲಸ. ಅಡುಗೆಮನೆಯ ಮೇಜಿನ ತುದಿಗೇ ಅದರ ಯಂತ್ರವನ್ನು ಬಿಗಿದುಕೊಂಡಿದ್ದಳು.

ಭಾನುವಾರ ಮೂವರೂ ಹಳೆಯ ಜಲ್ಲಿ ಗುಂಡಿಯಲ್ಲಿ ಕೋವಿ ಪರೀಕ್ಷೆಗೆ ನಿಂತರು. ಎಮೆಟ್ ಮಲಗಿ ಗುರಿ ಹಿಡಿಯುವುದು, ಲೊರೀನ್ ತೋಟಾ ಹಾಕಿ ಕೊಡುವುದು. ಎರಡು ಗುಂಡು ಹಾರಿದವು, ಗುರಿಹಲಗೆಯ ಬೇರೆ ಬೇರೆ ಮೂಲೆಗೆ ಬಿದ್ದವು. "ಗಾಳಿ," ಎಂದ ಎಮೆಟ್. ಮೂರನೆಯ ಸಲ ಲೊರೀನ್ ಮದ್ದಿಲ್ಲದ ತೋಟಾ ಹಾಕಿ ಸುಮ್ಮನೆ ಕೊಟ್ಟಳು. ಕೋವಿಯ ಕುದುರೆಗೆ ಬೆರಳಿಟ್ಟು ಎಳೆದದ್ದೇ ಟಿಕ್ ಎಂದಿತು. ಕೋವಿ ಒದೆಯಲೇ ಇಲ್ಲ. ಆದರೂ ಎಮೆಟ್ ಕಣ್ಣು ಮುಚ್ಚಿ ಭುಜ ಕುಗ್ಗಿಸಿದ. ನಳಿಗೆ ಮುಗ್ಗರಿಸಿ ಮಣ್ಣಿಗೆ ಮೂತಿ ಇಟ್ಟಿತು.

ಕ್ಲೀಟ್ ಹೊಟ್ಟೆ ಹಿಡಿದುಕೊಂಡು ಕೂತ. "ಒದೆಯೋ ಕುದುರೆಗೆ ಹೆದರದೋನು ಇದಕ್ಕೆ ಹೆದರಿದೆಯಲ್ಲೋ."

"ಕುದುರೆ ಒದೆಯೋದು ಮುಂಚೆನೇ ಗೊತ್ತಿರಲ್ಲ," ಎಂದ ಎಮೆಟ್, ಕಿವಿ ಕೆಂಪಗೆ ಮಾಡಿಕೊಂಡು.

"ಹಲಗೆ ತಪ್ಪಿದರೆ ಇನ್ನೊಂದು ಹೊಡೀಬಹುದು," ಎಂದಳು ಲೊರೀನ್. "ಅಲ್ಲಿ ತಪ್ಪಿದರೆ ಗೊತ್ತಲ್ಲ."

ಗೊತ್ತಿತ್ತು. ಅವರ ಬೇಟೆ ಶಿಬಿರದಲ್ಲಿ ಅಪ್ಪಂದಿರ ಕಾಲದ ಕಟ್ಟಳೆ ಒಂದಿದೆ: ಮೃಗದ ಮೈಯಿಂದ ಒಂದು ತೊಟ್ಟು ರಕ್ತ ಬಿದ್ದು, ಮೃಗ ಸಿಗದೆ ಹೋದರೆ, ಚೀಟಿಯನ್ನು ಒಲೆಗೆ ಹಾಕಬೇಕು, ಆ ವರ್ಷದ ಬೇಟೆ ಅಲ್ಲಿಗೆ ಮುಗಿಯಿತು. ಕಾಯಿದೆ ಕೇಳುವುದಿಲ್ಲ, ಯಾರೂ ಕಾವಲು ಕಾಯುವುದಿಲ್ಲ, ಆದರೂ ಹಾಕಬೇಕು. ಕ್ಲೀಟನೇ ಒಮ್ಮೆ ಹಾಕಿದ್ದ.

ರಾತ್ರಿಯೆಲ್ಲ ಮುನಿದುಕೊಂಡು ಮಲಗಿದ್ದ ಎಮೆಟ್ ಬೆಳಗ್ಗೆ ಗೂಡಿನಿಂದ ತನ್ನ ಹಳೆಯ, ಅಷ್ಟಾಗಿ ಒದೆಯದ ಥರ್ಟಿ ನಾಟ್ ಸಿಕ್ಸ್ ಕೋವಿ ಇಳಿಸಿದ. ಅದಕ್ಕೆ ಲೊರೀನ್ ಭಾರದ ಗುಂಡನ್ನೇ ತುಂಬಿಕೊಟ್ಟಳು, ಎಲುಬಿಗೆ ಬಡಿದರೂ ಚೂರಾಗದೆ ಒಳಕ್ಕೆ ಇಳಿಯುವಂಥದ್ದು.

ಬೇಟೆಯ ದಿನ ಬೆಳಕು ಹರಿಯುವಾಗ ಎಲ್ಕ್ ಕಂಡದ್ದು ಕಣಿವೆಯ ಆಚೆ ದಂಡೆಯಲ್ಲೇ. ಕೊಂಬು ಒಣಗಿದ ಮರದಂತೆ ಹರಡಿತ್ತು.

"ಆರುನೂರು ಗಜ," ಎಂದ ಕ್ಲೀಟ್ ದುರ್ಬೀನಿನಲ್ಲಿ ನೋಡಿ. "ಆ ರೈಲುಕಂಬಿ ತಂದಿದ್ದರೆ..."

"ಬಾಯಿ ಮುಚ್ಚು," ಎಂದು ಎಮೆಟ್ ತೆವಳತೊಡಗಿದ.

ಕಣಿವೆಗೆ ಇಳಿದು, ಪೊದೆಯ ಮರೆಯಲ್ಲಿ ಏರಿ, ಮೊಣಕಾಲು ಅತ್ತರೂ ಕೇಳದೆ, ಅರ್ಧ ದೂರವನ್ನು ನುಂಗಿದ. ಗಾಳಿ ಎದುರಿನಿಂದ ಬರುತ್ತಿತ್ತು. ಕೋವಿಯನ್ನು ಚೀಲದ ಮೇಲೆ ಊರಿದ. ಎಲ್ಕ್ ತಲೆ ಎತ್ತಿ ನೇರ ಇತ್ತಲೇ ನೋಡಿತು.

"ಎದೆ ಕಾಣ್ತಿದೆ, ಹೊಡಿ," ಎಂದು ಹಿಂದೆಯೇ ತೆವಳಿ ಬಂದಿದ್ದ ಕ್ಲೀಟ್ ಪಿಸುಗುಟ್ಟಿದ.

"ಕಿರಿದು. ಒಂದು ಗೇಣು ಆಚೀಚೆಯಾದರೆ ಗಾಯ ಮಾತ್ರ."

"ಹೋಗಿಬಿಡುತ್ತೆ ಕಣೋ."

"ಹೋಗಲಿ."

ಎಲ್ಕ್ ಹುಲ್ಲಿಗೆ ಬಾಯಿ ಹಾಕಿತು, ನಿಧಾನಕ್ಕೆ ಅಡ್ಡ ತಿರುಗಿತು, ಈಚೆ ಬದಿಯ ಮುಂಗಾಲನ್ನು ಒಂದು ಹೆಜ್ಜೆ ಮುಂದಿಟ್ಟಿತು. ಆ ಕಾಲು ಸರಿದಾಗಲೇ ಶ್ವಾಸಕೋಶದ ಬಾಗಿಲು ತೆರೆಯುವುದು. ಎಮೆಟ್‌ನ ಗುರಿ ಆ ಕಾಲಿನ ಹಿಂಬದಿಯ ಗೆರೆ ಹಿಡಿದು ಮೇಲೇರಿ, ಎದೆಯ ನಡುಮಟ್ಟಕ್ಕಿಂತ ತುಸು ಕೆಳಗೆ ನಿಂತಿತು. ಅರ್ಧ ಉಸಿರು ಬಿಟ್ಟು ಕೋವಿಯ ಕುದುರೆ ಎಳೆದ.

ಎಲ್ಕ್ ಒಮ್ಮೆ ನಡುಗಿ, ಏನೂ ಆಗದಂತೆ ನಡೆದು ಕಪ್ಪು ಮರಗಳೊಳಗೆ ಮರೆಯಾಯಿತು.

"ತಪ್ಪಿತು," ಎಂದ ಕ್ಲೀಟ್.

"ಕಣ್ಣು ತೆರೆದೇ ಇದ್ದೆ," ಎಂದ ಎಮೆಟ್.

ಒಡನೆ ಬೆನ್ನಟ್ಟಬಾರದು, ಅಟ್ಟಿದರೆ ಸಾಯುವ ಮೃಗವೂ ಬೆಟ್ಟ ದಾಟುತ್ತದೆ. ಫ್ಲಾಸ್ಕಿನ ಕಾಫಿ ತೀರುವ ತನಕ ಕೂತರು. ಎಮೆಟ್ ಕುಡಿಯಲಿಲ್ಲ. ಆಮೇಲೆ ಎಲ್ಕ್ ನಿಂತಿದ್ದಲ್ಲಿಗೆ ಹೋದರೆ ಹುಲ್ಲಿನ ಮೇಲೆ ರಕ್ತ. ಇನ್ನು ಸಿಗಲೇಬೇಕು, ಇಲ್ಲವೇ ಒಲೆ. ಬಗ್ಗಿ ನೋಡಿದ; ರಕ್ತ ತೆಳುಗೆಂಪಗೆ, ನೊರೆನೊರೆಯಾಗಿತ್ತು.

"ಶ್ವಾಸಕೋಶದ್ದು, ದೂರ ಹೋಗಿರಲ್ಲ," ಎಂದ, ತನಗೇ ಹೇಳಿಕೊಳ್ಳುವಂತೆ.

ಮರಗಳ ಅಂಚು ದಾಟಿ ಕಲ್ಲೆಸೆತದಷ್ಟು ದೂರದಲ್ಲಿ ಅದು ಮಲಗಿತ್ತು. ಎಮೆಟ್ ಟೊಪ್ಪಿಗೆ ತೆಗೆದು ಅದರ ಕೊರಳ ಮೇಲೆ ಅಂಗೈ ಇಟ್ಟ. ಆಮೇಲೆ ಜೇಬಿನ ಚೀಟಿ ತೆಗೆದು ಕಾಯಿದೆಯಂತೆ ಕೊಂಬಿಗೆ ಕಟ್ಟಿ, ಗಂಟಿನ ಮೇಲೆ ಗಂಟು ಹಾಕಿದ.

"ಎಷ್ಟು ಗಂಟು ಹಾಕ್ತೀಯೋ, ಎದ್ದು ಓಡುತ್ತೇನು?" ಎಂದ ಕ್ಲೀಟ್.

"ಇದನ್ನ ಒಲೆ ಬಾಯಿಂದ ಕಿತ್ತುಕೊಂಡಿದೀನಿ," ಎಂದು ಎಮೆಟ್ ಇನ್ನೂ ಒಂದು ಗಂಟು ಬಿಗಿದ.