ಆಯಿ ಸೋಸಿ ಕೊಟ್ಟ ನೀರು

ಕಳೆದ ವಾರ ಮುಧೋಳ ರಸ್ತೆಯ ಬದಿಗೆ, ಮುಚ್ಚಿಹೋದ ಕಾರ್ಖಾನೆಯೊಂದರ ಅಂಗಳದಲ್ಲಿ ನೆಲ ಕೊರೆಸುತ್ತಿದ್ದೆ. ಕೊಳವೆಯಿಂದ ಮಣ್ಣು ಹೊರಗೆ ಬಂತು. ಮೇಲೆ ಎರೆಮಣ್ಣು, ಅದರ ಕೆಳಗೆ ನೀಲಿಗೆ ತಿರುಗಿದ ಕಪ್ಪು ಪಟ್ಟಿ. ಮೂಸಿ ನೋಡಬಾರದು ಎಂದು ಹೊಸಬರಿಗೆಲ್ಲ ಹೇಳುವವಳು ನಾನೇ, ಆದರೂ ಮೂಸಿದೆ. ಕೊಳೆತ ತತ್ತಿ, ಸುಟ್ಟ ಕಡ್ಡಿಪೆಟ್ಟಿಗೆ ಎರಡೂ ಕೂಡಿದ ವಾಸನೆ. ಗಂಧಕದ ಬಣ್ಣ ಕುದಿಸಿದ ಜಾಗದ ಮಣ್ಣು ಹೀಗೇ ನಾರುತ್ತದೆ. ಜೊತೆಯವರು ಮೂಗು ಮುಚ್ಚಿಕೊಂಡು ಆಚೆ ಸರಿದರು. ನನಗೆ ಮಾತ್ರ ಬನಹಟ್ಟಿಯ ಬಾವಿ ಮನೆಯ ಆಯಿ ಎದುರಿಗೆ ಬಂದು ನಿಂತಂತಾಯಿತು...

ಕಾರ್ಖಾನೆ ಇದ್ದ ನೆಲದಲ್ಲಿ, ಅದರಡಿಯ ನೀರಿನಲ್ಲಿ ಏನು ಇಳಿದಿದೆ ಎಂದು ಹುಡುಕುವುದು ನನ್ನ ಕೆಲಸ. ವರ್ಷಗಳ ಹಿಂದೆ ಬನಹಟ್ಟಿಗೆ ಹೋದದ್ದೂ ಅದಕ್ಕೇ. ಸೀರೆಯ ನೂಲಿಗೆ ಬಣ್ಣ ಹಾಕುತ್ತಿದ್ದ ಒಂದು ಕಾರ್ಖಾನೆ ಬಾಗಿಲು ಹಾಕಿ ಬಹಳ ಕಾಲವಾಗಿತ್ತು. ಅದರ ಗೋಡೆಯಾಚೆ ಆಯಿಯ ಮನೆ; ಹಿತ್ತಲಲ್ಲಿ ಕಲ್ಲು ಕಟ್ಟಿದ ತೆರೆದ ಬಾವಿ.

ನಾವು ಗುಂಡಿ ತೋಡಲು ಶುರುಮಾಡಿದ ದಿನವೇ ಆಯಿ ಗೋಡೆಯ ಒಡಕಿನಲ್ಲಿ ಮುಖ ತೂರಿಸಿದ್ದರು.

"ಏನ್ ಹುಡುಕಾಕತ್ತೀ ತಂಗಿ? ಬಂಗಾರ ಸಿಕ್ರ ನಮಗೂ ಒಂದೀಟು ಕೊಡು."

ಅಂಥ ಕುತೂಹಲದ ಇನ್ನೊಬ್ಬ ಮುದುಕಿಯನ್ನು ನಾನು ಕಂಡಿಲ್ಲ. ಮಣ್ಣನ್ನು ಚೀಲಕ್ಕೆ ಯಾಕೆ ತುಂಬುತ್ತೀರಿ, ಬಾಟಲಿಯನ್ನು ಬರ್ಫದಲ್ಲಿ ಯಾಕೆ ಇಡುತ್ತೀರಿ... ಕೇಳಿ ಕೇಳಿ ನನ್ನ ತಲೆ ತಿನ್ನುತ್ತಿದ್ದರು. ಉತ್ತರ ಕೊಟ್ಟರೆ ಅದರ ಬಾಲ ಹಿಡಿದು ಮತ್ತೊಂದು ಪ್ರಶ್ನೆ. ಮೊದಮೊದಲು ರೇಗುತ್ತಿತ್ತು. ಆಮೇಲೆ ಅವರು ಬಾರದ ದಿನ ಕೆಲಸವೇ ಸಪ್ಪೆ ಎನಿಸತೊಡಗಿತು.

ಒಂದು ಪ್ರಶ್ನೆ ಮಾತ್ರ ದಿನವೂ ಬರುತ್ತಿತ್ತು. "ನನ್ನ ಬಾವಿ ಪಾಸೋ, ನಾಪಾಸೋ?" ನಗುತ್ತ ಕೇಳುತ್ತಿದ್ದರು, ಆದರೆ ಅದು ನಗೆಯ ಮಾತಾಗಿರಲಿಲ್ಲ. ಆಯಿ ಜೈನರು, ಬಾವಿಯ ನೀರಲ್ಲದೆ ಬೇರೆ ಕುಡಿಯುವುದಿಲ್ಲ ಎಂದು ವ್ರತ ಹಿಡಿದವರು. ಊರಿಗೆ ಮುನಿಗಳು ಬಂದರೆ ಅವರ ಆಹಾರವಾಗುತ್ತಿದ್ದುದು ಈ ಬಾವಿಯ ನೀರಿನಲ್ಲಿ, ಆಯಿಯ ಮನೆಯಲ್ಲಿ. ಬಾವಿ ಹೋದರೆ ಆಯಿಗೆ ಉಳಿಯುವುದೇನು ಎಂಬುದು ನನಗೂ ಗೊತ್ತಿತ್ತು.

ಲ್ಯಾಬಿನಿಂದ ಬಂದ ಫಲಿತಾಂಶ ನಮ್ಮನ್ನು ದಿಕ್ಕುತಪ್ಪಿಸಿತು. ಕಾರ್ಖಾನೆಯ ಹೊಂಡದ ಮಣ್ಣು ಪೂರ್ತಿ ಕೆಟ್ಟಿತ್ತು. ಗೋಡೆಯ ಪಕ್ಕದ ಬೋರಿನ ನೀರೂ ಕೆಟ್ಟಿತ್ತು. ನೆಲದಡಿಯ ನೀರು ಹರಿಯುತ್ತಿದ್ದುದು ಬಾವಿಯ ಕಡೆಗೇ. ಬಾವಿಯ ನೀರಿನಲ್ಲಿ ಮಾತ್ರ ದೋಷ ಇಲ್ಲವೆನ್ನುವಷ್ಟು ಕಡಿಮೆ! ನಡುವೆ ಕಲ್ಲಿನ ಅಡ್ಡಗೋಡೆ ಇರಬೇಕು ಎಂದರು ನಮ್ಮ ತಂಡದ ಹಿರಿಯರು. ಜಿಗುಟು ಮಣ್ಣಿನ ಪದರ ತಡೆದಿರಬೇಕು ಎಂದೆ ನಾನು. ಹುಡುಕಿದೆವು, ಎರಡೂ ಇರಲಿಲ್ಲ. ಗೋಜಲು ಬಿಡಿಸುವ ಹಟಕ್ಕೆ ನನಗೆ ಊಟ ರುಚಿಸುತ್ತಿರಲಿಲ್ಲ.

ಒಂದು ಮುಂಜಾನೆ ಬೇಗ ಹೋದೆ. ಆಯಿ ಕೊಡದ ಬಾಯಿಗೆ ಮಡಿಚಿದ ಬಿಳಿ ಅರಿವೆ ಕಟ್ಟಿ ನೀರು ಸೋಸುತ್ತಿದ್ದರು. ಸೋಸಿದ ಮೇಲೆ ಅರಿವೆಯನ್ನು ಮಗುಚಿ, ಅದರ ಮೇಲೆ ನೀರು ಹನಿಸಿ, ತೊಳೆದ ನೀರನ್ನು ತಂಬಿಗೆಗೆ ಹಿಡಿದರು. ಆ ತಂಬಿಗೆಯನ್ನು ಹಗ್ಗದಿಂದ ಬಾವಿಗಿಳಿಸಿ ಸುರಿದರು. ಬರಿಗಣ್ಣಿಗೆ ಕಾಣದ ಜೀವಗಳು ಅರಿವೆಯಲ್ಲಿ ನಿಂತಿರುತ್ತವೆ. ಯಾವ ನೀರಿನಿಂದ ಬಂದವೋ ಅದೇ ನೀರಿಗೆ ಅವನ್ನು ಬಿಡಬೇಕು ಎಂಬುದು ಅವರ ಪದ್ಧತಿ. ನಾನು ನೋಡುತ್ತಿದ್ದುದು ಅರಿವೆಯನ್ನು. ಅದರ ನಡುವೆ ತೆಳ್ಳಗೆ ನೀಲಿಛಾಯೆ ಇತ್ತು.

"ಆಯಿ, ಅವತ್ತ ನಾವು ಲ್ಯಾಬಿಗೆ ಕಳಸಾಕ ಬಾವಿ ನೀರ ಬಾಟಲಿ ತುಂಬಿ ನಿಮ್ಮ ಕಟ್ಟಿ ಮ್ಯಾಲೆ ಇಟ್ಟಿದ್ವಿ. ಅದನ್ನ ಮುಟ್ಟಿದ್ರೇನ್ರಿ?"

"ಮುಟ್ಟಲಾರದ ಏನು! ಸೋಸಲಾರದ ನೀರ ಹೊತ್ಕೊಂಡ ಹೊಂಟಿದ್ರಿ. ಎಲ್ಲಾ ಬಾವಿಗೆ ಸುರುವಿ, ಛಲೋತ್ನಂಗ ಸೋಸಿ ತುಂಬಿ ಇಟ್ಟೇನಿ. ನಮ್ಮ ಮನ್ಯಾಗಿಂದ ಯಾರಿಗೂ ಸೋಸದ ನೀರ ಕೊಡಂಗಿಲ್ಲ."

ನಾನು ಕಟ್ಟೆಯ ಮೇಲೆ ಕುಸಿದು ಕೂತು ಬಿದ್ದು ಬಿದ್ದು ನಕ್ಕೆ. ಕಲ್ಲಿನ ಗೋಡೆ ಎಲ್ಲಿ, ಜಿಗುಟು ಮಣ್ಣೆಲ್ಲಿ! ಬಣ್ಣವನ್ನು ತಡೆದದ್ದು ಆಯಿಯ ಅರಿವೆ. ನಗುವ ನನ್ನನ್ನು ನೋಡಿ ಆಯಿಯೂ ನಕ್ಕರು. ಆಮೇಲೆ ಅವರ ನಗು ಮೊದಲು ನಿಂತಿತು. ಅರಿವೆಯನ್ನು ಬೆಳಕಿಗೆ ಹಿಡಿದು ನೋಡಿದರು. ಸಣ್ಣ ಕಣಗಳಿಗೆ ಅಂಟಿದ ಬಣ್ಣವನ್ನು ಅರಿವೆ ಹಿಡಿಯುತ್ತದೆ, ನೀರಿನಲ್ಲಿ ಕರಗಿದ್ದನ್ನು ಅದು ಹಿಡಿಯಲಾರದು ಎಂದು ತಿಳಿಸಿದೆ.

"ಅಂದ್ರ ನಾ ದಿನಾ ಅದನ್ನ ತೊಳದು ತೊಳದು ಮತ್ತ ಬಾವಿಗೇ ಬಿಟ್ಟೇನಿ" ಎಂದರು ಮೆಲ್ಲಗೆ.

ಮತ್ತೆ ನೀರು ತೆಗೆಯಬೇಕಿತ್ತು, ಈ ಸಲ ಸೋಸದೆ. ಆಯಿ ಬೇಡ ಎಂದಿದ್ದರೆ ಬಾವಿ ಉಳಿಯುತ್ತಿತ್ತು; ಲ್ಯಾಬಿನ ಮೊದಲ ಕಾಗದದಲ್ಲಿ ಅದು ಪಾಸೇ ಆಗಿತ್ತಲ್ಲ. ಆಯಿ ಅರಿವೆಯನ್ನು ಕಟ್ಟೆಯ ಮೇಲೆ ಹರವಿದರು. ಆಮೇಲೆ ಕೇಳಿದರು: "ಅಲ್ಲಿ ಒಯ್ದು ಆ ಜೀವಗಳನ್ನ ಏನ್ ಮಾಡ್ತಿ?"

ಬಾಟಲಿಗೆ ಆಮ್ಲ ಹಾಕುತ್ತೇವೆ, ಅದರಲ್ಲಿ ಯಾವ ಜೀವವೂ ಉಳಿಯುವುದಿಲ್ಲ. ಅವರಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಹೇಳಿದೆ. ಅವರು ಕಣ್ಣು ಮುಚ್ಚಿ, ಕೈ ಜೋಡಿಸಿ, ಏನನ್ನೋ ಹೇಳಿಕೊಂಡರು. "ತಗೋ. ಓಣಿ ಮಂದಿ ಎಲ್ಲಾ ಇದನ್ನ ಕುಡೀತೈತಿ" ಎಂದು ಹಗ್ಗವನ್ನು ನನ್ನ ಕೈಗೆ ಕೊಟ್ಟರು.

ಬಾವಿ ನಾಪಾಸಾಯಿತು.

ಬಾವಿಯ ಬಾಯಿಗೆ ಕಲ್ಲುಚಪ್ಪಡಿ ಹಾಕುವ ದಿನ ನಾನೂ ಇದ್ದೆ. ಗೌಂಡಿ ಕೊನೆಯ ಚಪ್ಪಡಿ ಎಳೆಯುವಷ್ಟರಲ್ಲಿ ಆಯಿ ತಂಬಿಗೆ ಹಿಡಿದು ಓಡುತ್ತ ಬಂದರು. ಮುಂಜಾನೆ ಕಡೆಯ ಸಲ ಸೋಸಿದ ಅರಿವೆ ತೊಳೆದ ನೀರು. "ತಡೀಪಾ, ಇವನ್ನ ಎಲ್ಲಿ ಬಿಡ್ಲಿ ನಾ?" ಎಂದರು. ಗೌಂಡಿ ಚಪ್ಪಡಿ ಬಿಟ್ಟು ಸರಿದು ನಿಂತ. ಅವಸರವಿಲ್ಲದೆ ತಂಬಿಗೆ ಇಳಿಸಿದರು. ನೀರಿಗೆ ನೀರು ಬಿದ್ದ ಸಪ್ಪಳ ಕೇಳಿತು. ಆಮೇಲೆ ಅವರೇ "ಹಾಕು" ಎಂದರು.

ಮುನಿಗಳ ಆಹಾರ ಬೇರೆ ಮನೆಗೆ ಹೋಯಿತು. ತೇರದಾಳದಲ್ಲಿದ್ದ ಆಯಿಯ ತವರಿನ ಬಾವಿಯಿಂದ ಅವರ ಮಗ ದಿನವೂ ಗಾಡಿಯ ಮೇಲೆ ಕೊಡ ತರತೊಡಗಿದ. ಹೋಗುವಾಗ ಖಾಲಿ ಕೊಡದ ಜೊತೆ, ಬಾಯಿಕಟ್ಟಿದ ಒಂದು ತಂಬಿಗೆ ತೇರದಾಳಕ್ಕೆ ತಿರುಗಿ ಹೋಗುತ್ತಿತ್ತು...

ಮೊನ್ನೆ ಕೆಲಸ ಮುಗಿಸಿ ಬನಹಟ್ಟಿಗೆ ಹೋದೆ. ಆಯಿ ತೀರಿಕೊಂಡದ್ದು ಆಗಲೇ ಗೊತ್ತಾದದ್ದು. ಚಪ್ಪಡಿಯ ಮೇಲೆ ಮೆಣಸಿನಕಾಯಿ ಒಣಗುತ್ತಿದ್ದವು. ಅವರ ಸೊಸೆ ನನಗಾಗಿ ನಳದ ನೀರು ಸೋಸಿದಳು. ಅರಿವೆ ಬೆಳ್ಳಗಿತ್ತು. ತೊಳೆದ ನೀರಿನ ತಂಬಿಗೆ ಕೈಯಲ್ಲಿ ಹಿಡಿದು ಹಿತ್ತಲಿಗೆ ನಡೆದಳು, ಚಪ್ಪಡಿಯ ಹತ್ತಿರ ಹೋಗಿ ನಿಂತಳು.

"ಈ ನೀರ ಎಲ್ಲಿಂದ ಬರ್ತೈತಿ ಅಂತ ಗೊತ್ತಾದ್ರ ಅಲ್ಲೇ ಬಿಡಬಹುದಿತ್ತರಿ" ಎಂದಳು.

ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಹುಡುಕುವುದೇ ನನ್ನ ಕೆಲಸ. ಈ ನಳದ ನೀರಿನ ಮೂಲವನ್ನು ಮಾತ್ರ ನಾನು ಹುಡುಕಿರಲಿಲ್ಲ. ಆಯಿ ಇದ್ದಿದ್ದರೆ ಬಿಡುತ್ತಿರಲಿಲ್ಲ, ಕೇಳಿ ಕೇಳಿ ಉತ್ತರ ಹೊರಡಿಸುತ್ತಿದ್ದರು.