ಚಿಮಣಿಯ ತೂತಿಗೆ ಕುಂಕುಮ

ಹೊಗೆ ಪರೀಕ್ಷೆ ಮಾಡುವವರನ್ನು ಗೊತ್ತು ಮಾಡುವ ಕೆಲಸ ನನ್ನ ತಲೆಗೆ ಬಿದ್ದದ್ದು ನನಗೆ ಹೊಗೆಯ ವಿಚಾರ ಗೊತ್ತಿತ್ತು ಅಂತಲ್ಲ, ಗಿರಣಿಯ ಆಫೀಸಿನಲ್ಲಿ ಇಂಗ್ಲಿಷ್ ಪತ್ರ ಓದಬಲ್ಲವನು ನಾನೊಬ್ಬನೇ ಅಂತ. ಚಳ್ಳಕೆರೆಯಿಂದ ಪರಶುರಾಂಪುರದ ಕಡೆ ಹೋಗುವ ರಸ್ತೆಯಲ್ಲಿ ನಮ್ಮ ಎಣ್ಣೆ ಗಿರಣಿ. ಶೇಂಗಾ ಎಣ್ಣೆ ತೆಗೆಯುತ್ತೇವೆ, ಉಳಿದ ಸಿಪ್ಪೆಯನ್ನೇ ಬಾಯ್ಲರಿಗೆ ಸುರಿದು ಉರಿಸುತ್ತೇವೆ. ಸಿಪ್ಪೆ ಪುಕ್ಕಟೆ, ಬೆಂಕಿ ಪುಕ್ಕಟೆ, ಹೊಗೆಯಂತೂ ಊರಿಗೆಲ್ಲ ಪುಕ್ಕಟೆ. ಸರ್ಕಾರದ್ದು ಒಂದೇ ತಕರಾರು. ವರ್ಷಕ್ಕೊಮ್ಮೆ ಹೊರಗಿನ ಲ್ಯಾಬಿನವರನ್ನು ಕರೆಸಿ, ಚಿಮಣಿಯ ಹೊಗೆಯಲ್ಲಿ ಎಷ್ಟು ಬೂದಿ ಹೋಗುತ್ತಿದೆ ಎಂದು ಅಳೆಸಿ, ವರದಿಯನ್ನು ಮಾಲಿನ್ಯ ಮಂಡಳಿಯ ಜಿಲ್ಲಾ ಕಚೇರಿಗೆ ಕಳಿಸಬೇಕು.

ಇದರಲ್ಲೊಂದು ಸೊಗಸಿದೆ. ಅಳೆಯುವವರನ್ನು ಆರಿಸುವವರು ನಾವೇ, ಕರೆಸುವವರು ನಾವೇ, ಊಟ ಹಾಕಿಸುವವರೂ ನಾವೇ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಇಲ್ಲಿ ನಮ್ಮ ಹೆಗ್ಗಣ ಮುದ್ದಾಗಿದೆ ಎಂದು ಬರೆದು ಮೊಹರು ಹಾಕಿಕೊಡಲು ಹೊರಗಿನಿಂದ ಜನ ಬರುತ್ತಿದ್ದರು.

ನಮ್ಮ ಸಾಹುಕಾರರದ್ದು ಒಂದು ನೇಮ. ಬೀಗದ ಕೈ ಮಾಡಿಸಿದರೂ ಮೂರು ಕೊಟೇಶನ್ ಬೇಕು. ಮೊದಲ ವರ್ಷ ನಾನು ಹುಂಬತನದಿಂದ ನಾಲ್ಕಾರು ಲ್ಯಾಬುಗಳಿಗೆ ಫೋನು ಮಾಡುತ್ತ ಕೂತಿದ್ದೆ. ಅವರಲ್ಲೊಬ್ಬ, ಸಫಾರಿ ತೊಟ್ಟು ಬಂದ ದಪ್ಪ ಮನುಷ್ಯ, ನೀವ್ಯಾಕೆ ತೊಂದರೆ ತಗೊಳ್ತೀರಿ, ಮೂರನ್ನೂ ನಾನೇ ತರುತ್ತೇನೆ ಎಂದ. ತಂದ ಕೂಡ. ಮೂರು ಹೆಸರು, ಮೂರು ಬಣ್ಣದ ಲೆಟರ್‌ಹೆಡ್ಡು, ಮೂರರ ಕೆಳಗೂ ಒಂದೇ ಫೋನ್ ನಂಬರು. ಸಾಹುಕಾರರು ಕನ್ನಡಕ ಏರಿಸಿ ಮೂರನ್ನೂ ತಾಳೆ ನೋಡಿ, ಬಹಳ ಯೋಚಿಸಿ, ನೀಲಿಯದನ್ನು ಆರಿಸಿದರು.

ಪರೀಕ್ಷೆಯ ದಿನ ಸಫಾರಿಯವನು ಆಫೀಸಿನ ಫ್ಯಾನಿನ ಕೆಳಗೆ ಕೂತು ಮಂಡಕ್ಕಿ ಮೆಣಸಿನಕಾಯಿ ತಿಂದ. ಚಿಮಣಿ ಎಷ್ಟು ಎತ್ತರ ಎಂದು ನನ್ನನ್ನೇ ಕೇಳಿದ. ನೂರಡಿ ಇದ್ದೀತು ಎಂದೆ. ಅವನು ಅದನ್ನು ಮೀಟರಿಗೆ ತಿರುಗಿಸಿ, ಪಾಯಿಂಟು ಹಾಕಿ ಎರಡು ಅಂಕಿ ಹೆಚ್ಚಿಗೆ ಬರೆದುಕೊಂಡ. ಪಾಯಿಂಟು ಬಿದ್ದರೆ ಅಂಕಿಗೆ ಗಾಂಭೀರ್ಯ ಬರುತ್ತದೆ ಎಂದು ಅವತ್ತು ಕಲಿತೆ. ವಾರದಲ್ಲಿ ವರದಿ ಬಂತು. ಚಿಮಣಿಯ ಪಕ್ಕೆಯಲ್ಲಿ ಮೇಲೆ ಕೊರೆದ ತೂತಿನಲ್ಲಿ ಕೊಳವೆ ಇಟ್ಟು ಹೊಗೆ ಎಳೆದೆವು, ಬೂದಿ ಮಿತಿಯೊಳಗಿದೆ ಎಂದು ಬರೆದಿತ್ತು. ಸಾಕ್ಷಿಯಾಗಿ ನಾನು ಸಹಿ ಹಾಕಿದೆ. ನಾಲ್ಕು ವರ್ಷ ಹೀಗೇ ನಡೆಯಿತು. ನಮ್ಮ ಚಿಮಣಿಗೆ ತೂತೇ ಇರಲಿಲ್ಲ.

ಗಿರಣಿಯ ಹಿಂದಿನ ಗೋಡೆಗೆ ಅಂಟಿದಂತೆ ಕುರಿಯವರ ಹಟ್ಟಿ. ಮೊದಲನೆಯ ಮನೆಯಲ್ಲಿ ಒಬ್ಬಳು ಅಜ್ಜಿ ಇದ್ದಾಳೆ. ಆಕೆ ಉಣ್ಣೆ ನೂಲುತ್ತಾಳೆ, ಮಗ ಕುಳಿಮಗ್ಗದಲ್ಲಿ ಕಂಬಳಿ ನೇಯುತ್ತಾನೆ. ಆ ಮನೆಗೆ ಒಂದು ಹಕ್ಕಿತ್ತು. ವರ್ಷಕ್ಕೊಮ್ಮೆ ಹಟ್ಟಿಯ ದೇವರ ಪೆಟ್ಟಿಗೆ ಹೊರಗೆ ತಂದಾಗ ಅದನ್ನು ಬರಿ ನೆಲಕ್ಕೆ ಇಡುವಂತಿಲ್ಲ, ಬಿಳಿ ಕಂಬಳಿಯ ಗದ್ದುಗೆ ಹಾಸಬೇಕು. ಆ ಕಂಬಳಿ ಅಜ್ಜಿಯ ಅತ್ತೆಯ ಕಾಲದಿಂದಲೂ ಇದೇ ಮನೆಯಿಂದ ಹೋಗಬೇಕು. ಇದರಿಂದ ಅವರಿಗೆ ದುಡ್ಡು ಕಾಸು ಏನೂ ಇಲ್ಲ. ಆದರೆ ಆ ದಿನ ಇಡೀ ಹಟ್ಟಿ ಆ ಮನೆಯ ಬಾಗಿಲಿಗೆ ಬಂದು ಕಂಬಳಿಯನ್ನು ತಲೆಯ ಮೇಲೆ ಹೊತ್ತು ಕರೆದೊಯ್ಯುತ್ತದೆ. ಅಜ್ಜಿ ಮಿಕ್ಕ ಮುನ್ನೂರು ಚಿಲ್ಲರೆ ದಿನ ಬದುಕುತ್ತಿದ್ದದ್ದು ಆ ಒಂದು ದಿನಕ್ಕೆ.

ನೇಯುವ ಮೊದಲು ನೂಲನ್ನು ಬಯಲಲ್ಲಿ ಉದ್ದಕ್ಕೆ ಎಳೆದು ಕಟ್ಟಿ, ಹುಣಸೆ ಬೀಜದ ಗಂಜಿ ಬಳಿದು ಒಣಗಿಸುತ್ತಾರೆ. ಹಸಿ ಗಂಜಿಯ ಮೇಲೆ ನಮ್ಮ ಬೂದಿ ಕೂತರೆ ಮುಗಿಯಿತು, ಯಾವ ನೀರಿಗೂ ಬಿಡುವುದಿಲ್ಲ. ವರ್ಷ ವರ್ಷ ಬಿಳಿ ಕಂಬಳಿಯಲ್ಲಿ ಬೂದು ಚುಕ್ಕೆ ಹೆಚ್ಚುತ್ತ ಬಂತು. ಅಜ್ಜಿ ಬಂದು ಹೇಳಿದಾಗಲೆಲ್ಲ ಸಾಹುಕಾರರು, ವರದಿ ಓದಿ ತೋರಿಸಯ್ಯ ಎಂದು ನನ್ನ ಕಡೆ ಕೈ ಮಾಡುತ್ತಿದ್ದರು. ನಾನು ಓದುತ್ತಿದ್ದೆ. ಆಕೆ ಪೂರ್ತಿ ಕೇಳಿಸಿಕೊಂಡು, ತಲೆಯಾಡಿಸಿ ಹೋಗುತ್ತಿದ್ದಳು. ಅಚ್ಚಾದ ಕಾಗದಕ್ಕೆ ಆಕೆ ಕೊಡುತ್ತಿದ್ದ ಮರ್ಯಾದೆಯನ್ನು ಅದನ್ನು ಅಚ್ಚು ಹಾಕಿದವನೂ ಕೊಟ್ಟಿರಲಿಕ್ಕಿಲ್ಲ.

ಹೋದ ವರ್ಷ ಹಟ್ಟಿಯವರು ಕಚೇರಿಗೆ ಅರ್ಜಿ ಹಾಕಿದರು. ಬೇರೆ ಲ್ಯಾಬಿನವರಿಂದ ಹೊಸದಾಗಿ ಪರೀಕ್ಷೆ ಮಾಡಿಸಿ ಎಂದು ನಮಗೆ ಪತ್ರ ಬಂತು. ನಾನು ನಿಜವಾಗಿಯೂ ಬೇರೆಯವರನ್ನೇ ಹುಡುಕಿದೆ. ಈಗ ಯೋಚಿಸಿದರೆ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು, ಅದೂ ತಿಳಿಯದೆ ಮಾಡಿದ್ದು. ಹುಬ್ಬಳ್ಳಿ ಕಡೆಯ ಒಬ್ಬಳು ಇಂಜಿನಿಯರ್ ಫೋನಿನಲ್ಲಿ ಮೊದಲು ಕೇಳಿದ್ದೇ ತೂತು ಎಷ್ಟು ಅಗಲ ಇದೆ, ನಿಲ್ಲಲು ಅಟ್ಟಣಿಗೆ ಗಟ್ಟಿ ಇದೆಯಾ ಎಂದು. ನೋಡಿ ಹೇಳುತ್ತೇನೆ ಎಂದು ಫೋನಿಟ್ಟೆ.

ಸಾಹುಕಾರರಿಗೆ ಹೇಳಿದೆ. ನಾಲ್ಕು ವರ್ಷ ಹೊಗೆ ಎಳೆದ ತೂತು ಈಗ ಇಲ್ಲ ಅಂದರೆ ಹೇಗೆ? ಅವರು ವೆಲ್ಡಿಂಗಿನವನನ್ನು ಕರೆಸಿ ಎರಡು ದಿನದಲ್ಲಿ ಏಣಿ, ಅಟ್ಟಣಿಗೆ, ತೂತು, ಅದಕ್ಕೊಂದು ಮುಚ್ಚಳ ಎಲ್ಲ ಮಾಡಿಸಿದರು. ಹೊಸದು ಅಂತ ಗೊತ್ತಾಗಬಾರದು ಎಂದು ಮಸಿ ಎಣ್ಣೆ, ಕೆಮ್ಮಣ್ಣು ಕಲಸಿ ನಾನೇ ಮುಂದೆ ನಿಂತು ಬಳಿಸಿದೆ. ತುಕ್ಕು ಹಿಡಿದ ಹಳೇ ಕಬ್ಬಿಣದ ಹಾಗೆ ಕಾಣುತ್ತಿತ್ತು. ನನಗೇ ಹೆಮ್ಮೆ ಎನಿಸಿತು.

ಪರೀಕ್ಷೆಯ ದಿನ ಆ ಹೆಣ್ಣುಮಗಳು ಹೆಲ್ಮೆಟ್ ಹಾಕಿ, ಸೊಂಟಕ್ಕೆ ಹಗ್ಗ ಬಿಗಿದು ತಾನೇ ಏಣಿ ಹತ್ತಿದಳು. ಮೇಲಿನಿಂದ ಕೂಗಿ, ಇದೇನು ಸರ್ ಎಂದಳು. ತೂತಿನ ಮುಚ್ಚಳಕ್ಕೆ ಕುಂಕುಮ, ವಿಭೂತಿ, ಒಂದು ಚೆಂಡು ಹೂವು. ಎರಡೂ ಪಕ್ಕದಲ್ಲಿ ಹೋಳು ಮಾಡಿ ಕುಂಕುಮ ಸವರಿದ ನಿಂಬೆಹಣ್ಣು. ನಾನು ಬಾಯ್ಲರಿನವನ ಮುಖ ನೋಡಿದೆ. ಅವನು ಮೊಳಕಾಲ್ಮೂರಿನ ಕೊಂಡ್ಲಹಳ್ಳಿ ಕಡೆಯವನು, ಬಲು ನೇಮಸ್ಥ.

"ಹೊಸಾ ಸಾಮಾನು ಸಾರ್, ಪೂಜೆ ಮಾಡ್ದೆ ಹೆಂಗೆ ಬೆಂಕಿ ಮುಟ್ಟಿಸ್ಲಿ? ನಾಳೆ ಏನಾದ್ರೂ ಆದ್ರೆ ಯಾರ್ ದಿಕ್ಕು?" ಎಂದ, ಎಲ್ಲರಿಗೂ ಕೇಳುವ ಹಾಗೆ.

ಹೊಸ ತೂತಿಗೆ ತುಕ್ಕು ಹಚ್ಚಿದ ನನ್ನ ಜಾಣತನ ಎರಡು ನಿಂಬೆಹಣ್ಣಿನಲ್ಲಿ ಮುಳುಗಿತು. ಆಕೆ ಫೋಟೋ ತೆಗೆದುಕೊಂಡಳು. ಆಮೇಲೆ ಬಾಯ್ಲರ್ ಹತ್ತಿರ ಬಂದು ನೋಡಿದರೆ ಒಳಗೆ ಒಣಗಿದ ಜಾಲಿ ಸೌದೆ ಚೊಕ್ಕಟವಾಗಿ ಉರಿಯುತ್ತಿತ್ತು. ಬೂದಿ ಕಡಿಮೆ ಬರಲಿ ಎಂದು ಅದೂ ನಮ್ಮ ಏರ್ಪಾಡೇ. ದಿನಾ ಏನು ಹಾಕುತ್ತೀರೋ ಅದನ್ನೇ ಹಾಕಿ ಎಂದು ಹೇಳಿ, ಹಾಕುವ ತನಕ ಕುರ್ಚಿ ಹಾಕಿಕೊಂಡು ಅಲ್ಲೇ ಕೂತಳು. ಸಿಪ್ಪೆ ಹಾಕಿಸಿದೆವು. ಮಂಡಕ್ಕಿ ತರಿಸಲೇ ಎಂದದ್ದಕ್ಕೆ ಡಬ್ಬಿ ತಂದಿದ್ದೇನೆ ಎಂದಳು. ಇಂಥವರಿಗೆ ಉಪಚಾರ ಮಾಡುವುದಾದರೂ ಹೇಗೆ?

ಹೊಗೆಯ ದಾರಿಗೆ ಅಡ್ಡ ಇಡುವ ಬೆರಳುದ್ದದ ಒಂದು ಬಿಳಿ ಚೀಲ ಇರುತ್ತದೆ, ಬೂದಿ ಹಿಡಿಯುವುದಕ್ಕೆ. ಅದು ಹೊರಗೆ ಬಂದಾಗ ಹೆಂಚಿನ ತಳದ ಹಾಗೆ ಕಪ್ಪಾಗಿತ್ತು. ಗೋಡೆಯಾಚೆ ನಿಂತು ನೋಡುತ್ತಿದ್ದ ಅಜ್ಜಿಗೆ ಆಕೆ ಅದನ್ನು ಎತ್ತಿ ತೋರಿಸಿದಳು. ಅಜ್ಜಿ ಎರಡು ಕೈ ಜೋಡಿಸಿದಳು.

ವರದಿ ಬಂತು. ಬೂದಿ ಮಿತಿ ಮೀರಿದೆ, ಚಿಮಣಿಯ ಬುಡದಲ್ಲಿ ಬೂದಿ ಹಿಡಿದಿಡುವ ಡಬ್ಬ ಕೆಟ್ಟಿದೆ, ರಿಪೇರಿ ಮಾಡಿಸಿ ಎಂದಿತ್ತು. ಸಾಹುಕಾರರಿಗೆ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾಯಿತು. ನಾವು ಕರೆಸಿದವಳು ನಮ್ಮ ಮೇಲೇ ಹೆಂಗೆ ಬರೀತಾಳೆ ಎಂದು ಮೂರು ಸಲ ಕೇಳಿದರು. ಇದು ಕಚ್ಚಾ ಪ್ರತಿ ಎಂದು ತೀರ್ಮಾನಿಸಿ ನನ್ನ ಡ್ರಾಯರಿನಲ್ಲಿ ಇಡಿಸಿದರು. ಕಚೇರಿಗೆ ಬೇರೆ ಲ್ಯಾಬು ತಾನೇ ಬೇಕು? ಸಫಾರಿಯವನಿಗೆ ಫೋನು ಮಾಡಿದೆ. ಅವನು ಈ ಸಲ ಬೇರೆ ಹೆಸರಿನ ಹಸಿರು ಲೆಟರ್‌ಹೆಡ್ಡಿನಲ್ಲಿ ವರದಿ ಕಳಿಸಿದ, ಕಚೇರಿಯವರು ಹಟ್ಟಿಯ ಅರ್ಜಿಯನ್ನು ಮುಚ್ಚಿದರು.

ಅಷ್ಟರಲ್ಲಿ ಹಟ್ಟಿಯಲ್ಲಿ ಬೇರೆಯದೇ ಮಾತು ಎದ್ದಿತ್ತು. ದೇವರ ಕಂಬಳಿಗೆ ಮಸಿ ಚುಕ್ಕೆ ಬೀಳುತ್ತಿದೆ ಅಂದರೆ ಆ ಮನೆಯಲ್ಲಿ ಏನೋ ಮೈಲಿಗೆ ಆಗಿದೆ, ಹಕ್ಕು ಬೇರೆ ಮನೆಗೆ ಹೋಗಲಿ ಎಂದು ಕೆಲವರು. ಇಲ್ಲ, ಅದು ಗಿರಣಿ ಬೂದಿ, ಅಳೆದ ಕಾಗದ ಐತೆ ಎಂದು ಅಜ್ಜಿ. ಹಾಗಾದರೆ ಗಿರಣಿಯವರೇ ಬಂದು ಕಾಗದ ಓದಲಿ ಎಂದು ಹಿರಿಯರು ಹೇಳಿ ಕಳಿಸಿದರು. ಸಾಹುಕಾರರು ಹಸಿರು ಕಾಗದ ಕೊಟ್ಟು ನನ್ನನ್ನು ಕಳಿಸಿದರು.

ಗುಡಿಯ ಕಟ್ಟೆಯ ಮೇಲೆ ಕೂತಿದ್ದ ಹಿರಿಯರ ಮುಂದೆ ನಿಂತು ಓದಿದೆ. ಇಂಗ್ಲಿಷಿನಲ್ಲಿ ಒಂದು ಸಾಲು, ಕನ್ನಡದಲ್ಲಿ ಅದರ ಅರ್ಥ. ಎಲ್ಲವೂ ಮಿತಿಯೊಳಗೆ. ಅಜ್ಜಿ ಕಂಬದ ಹತ್ತಿರ ಕೂತಿದ್ದಳು.

"ಆ ಹುಡುಗಿ ಅಳೆದ ಕಾಗ್ದ ಇನ್ನೊಂದೈತಲ್ಲಪ್ಪ, ಅದನ್ನೂ ಓದು" ಎಂದಳು.

"ಅದು ಇಲ್ಲಜ್ಜಿ. ಇದೊಂದೇ ಇರೋದು" ಎಂದೆ.

 ಮನೆಯಲ್ಲಿ ಎರಡು ಹೆಣ್ಣುಮಕ್ಕಳು ಓದುತ್ತಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಹೇಡಿಗೆ ಕಾರಣಗಳ ಬರವಿಲ್ಲ.

ಹಿರಿಯರೊಬ್ಬರು ಎದ್ದು, "ಹೊಗೆ ಚೊಕ್ಕಟ ಐತೆ ಅಂದ್ಮೇಲೆ ಮಸಿ ಮನೇದೇ" ಎಂದರು. ಹಕ್ಕು ಹಟ್ಟಿಯ ಆಚೆ ತುದಿಯ ಮನೆಗೆ ಹೋಯಿತು. ಆ ಮನೆ ಗಾಳಿಯ ಇನ್ನೊಂದು ಬದಿಗಿದೆ, ಅಲ್ಲಿಗೆ ಬೂದಿ ಹೋಗುವುದಿಲ್ಲ. ಅವರ ಕಂಬಳಿ ಬೆಳ್ಳಗೇ ಬಂತು, ಅಜ್ಜಿಯ ಮನೆಯ ಮೈಲಿಗೆ ಎಲ್ಲರಿಗೂ ಖಾತ್ರಿಯಾಯಿತು.

ಆಮೇಲೆ ಅಜ್ಜಿ ಬಿಳಿ ಉಣ್ಣೆ ಮುಟ್ಟಲಿಲ್ಲ. ಈಗ ಕರಿ ಕುರಿಯ ಉಣ್ಣೆ ಮಾತ್ರ ನೂಲುತ್ತಾಳೆ. ಅದರ ಮೇಲೆ ಎಷ್ಟು ಬೂದಿ ಬಿದ್ದರೂ ಕಾಣುವುದಿಲ್ಲ. ಆಫೀಸಿನ ಕಡೆಗೂ ಬಂದಿಲ್ಲ. ಮೊನ್ನೆ ಪರವಾನಗಿ ನವೀಕರಣದ ಅರ್ಜಿ ತುಂಬುತ್ತಿದ್ದೆ. ಅಕ್ಕಪಕ್ಕದವರಿಂದ ದೂರುಗಳಿವೆಯೇ ಎಂದು ಕೊನೆಯಲ್ಲೊಂದು ಕಲಂ ಇತ್ತು. ಇಲ್ಲ ಎಂದು ಬರೆದೆ. ಆ ಅರ್ಜಿಯಲ್ಲಿ ನಾನು ಬರೆದ ನಿಜ ಅದೊಂದೇ.